ಎಡದಿಂದ ಬಲಕ್ಕೆ: ಪತ್ರಿಕೆಯ ಫೋಟೊ ಹುಟ್ಟುವ ಬಗೆ

ವಿಜಯದಶಮಿಯಂದು ಮೈಸೂರು ಅರಮನೆಯ ಆವರಣಕ್ಕೆ ನಾವು ಪತ್ರಿಕಾ ಛಾಯಾಗ್ರಾಹಕರು ಬೆಳಿಗ್ಗೆಯೇ ಹೋಗಿ ಜಾಗ ಹಿಡಿಯುತ್ತೇವೆ. ಜಂಬೂಸವಾರಿ ಹೊರಡುವುದು ಮಧ್ಯಾಹ್ನದ ಮೇಲೆ. ಕೊರಳಲ್ಲಿ ಪಾಸ್ ಇದ್ದರೆ ಒಳಗೆ ಬಿಡುತ್ತಾರೆ, ಜಾಗ ಮಾತ್ರ ಮೊದಲು ಬಂದವರದು. ಊಟಕ್ಕೆಂದು ಹೋಗಿ ಬರುವಷ್ಟರಲ್ಲಿ ಕ್ಯಾಮೆರಾ ಮುಂದೆ ಇನ್ನೊಬ್ಬರ ಭುಜ ಇರುತ್ತದೆ. ನಂದಿಧ್ವಜ, ಡೊಳ್ಳು, ಸ್ತಬ್ಧಚಿತ್ರಗಳು ಒಂದಾದ ಮೇಲೊಂದು ಸಾಗಿ, ಕೊನೆಗೆ 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ವೇದಿಕೆಯ ಮುಂದೆ ಬಂದು ನಿಲ್ಲುತ್ತದೆ. ಮುಖ್ಯಮಂತ್ರಿಯವರು ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಮಾಡುತ್ತಾರೆ, ರಾಷ್ಟ್ರಗೀತೆ ಮೊಳಗುತ್ತದೆ, 21 ಕುಶಾಲತೋಪು ಹಾರಿಸುತ್ತಾರೆ. ಎಲ್ಲ ಸೇರಿ ಕೆಲವೇ ನಿಮಿಷ. ಅದರಲ್ಲೂ ಎರಚಿದ ಹೂವು ಕೈಬಿಟ್ಟು ಅಂಬಾರಿ ಮುಟ್ಟುವವರೆಗಿನ ಹೊತ್ತು ಒಂದು ಸೆಕೆಂಡೂ ಇಲ್ಲ. ಮರುದಿನದ ಮುಖಪುಟಕ್ಕೆ ಬೇಕಾಗಿರುವುದು ಆ ಹೊತ್ತು.

ಅದಕ್ಕೆ ತಯಾರಿ ಹಿಂದಿನ ದಿನಗಳಲ್ಲೇ ನಡೆದಿರುತ್ತದೆ. ಅರಮನೆ ಪೂರ್ವಕ್ಕೆ ಮುಖ ಮಾಡಿದೆ. ಹಾಗಾಗಿ ಸಂಜೆ ಹೊತ್ತಿಗೆ ಸೂರ್ಯ ಗೋಪುರಗಳ ಹಿಂದೆ ಇಳಿಯುತ್ತಾನೆ, ಮುಂದಿನ ಅಂಗಳಕ್ಕೆ ನೆರಳು ಬೀಳುತ್ತದೆ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಹಿಂದಿನ ಬಿಳಿ ಆಕಾಶವನ್ನು ಲೆಕ್ಕಕ್ಕೆ ಹಿಡಿದು ಆನೆಯನ್ನೂ ಮಾವುತನನ್ನೂ ಕಪ್ಪು ಮುದ್ದೆ ಮಾಡಿಬಿಡುತ್ತದೆ. ಬೆಳಕಿನ ಅಳತೆಯನ್ನು ಕೈಯಾರೆ ಕಟ್ಟಿಡಬೇಕು. ಆನೆಗಳಿಗೆ ಮರಳಿನ ಮೂಟೆ, ಮರದ ಅಂಬಾರಿ ಹೊರಿಸಿ ತಾಲೀಮು ನಡೆಸುವಾಗಲೇ ನಾವೂ ಹೋಗಿ ನಮ್ಮ ತಾಲೀಮು ಮುಗಿಸುತ್ತೇವೆ: ಎಷ್ಟು ಗಂಟೆಗೆ ನೆರಳು ಎಲ್ಲಿಗೆ ಬರುತ್ತದೆ, ಆನೆ ಸೊಂಡಿಲು ಎತ್ತಿದಾಗ ವಿಗ್ರಹ ಮರೆಯಾಗುತ್ತದೆಯೇ, ಯಾವ ಲೆನ್ಸಿಗೆ ಅಂಬಾರಿಯೂ ವೇದಿಕೆಯ ಮೇಲಿನವರ ಕೈಗಳೂ ಒಟ್ಟಿಗೆ ಸಿಗುತ್ತವೆ.

‘ಒಂದು ಗುಂಡಿ ಒತ್ತೋದಕ್ಕೆ ಇಡೀ ದಿನ ಬೇಕಾ?’ ಎಂದು ನೆಂಟರಿಷ್ಟರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ, ಉತ್ತರವೂ ಇದೆ. ವರದಿಗಾರ ತಡವಾಗಿ ಬಂದರೂ ಪಕ್ಕದಲ್ಲಿದ್ದವರನ್ನು ಕೇಳಿ ಬರೆಯಬಹುದು, ಫೋನ್ ಮಾಡಿ ವಿವರ ತರಿಸಿಕೊಳ್ಳಬಹುದು. ಆಗಿಹೋದದ್ದನ್ನು ಮಾತಿನಲ್ಲಿ ಮತ್ತೆ ಕಟ್ಟಬಹುದು, ಚಿತ್ರದಲ್ಲಿ ಕಟ್ಟಲು ಬರುವುದಿಲ್ಲ. ಆದಾಗ ಅಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಕೆಲಸದ ಎಲ್ಲ ಗಡಿಬಿಡಿ, ಕಾಯುವಿಕೆ, ಜಗಳ, ಹಸಿವು ಈ ಒಂದು ಮಾತಿನಿಂದ ಹುಟ್ಟುತ್ತವೆ. ಗುಂಡಿ ಒತ್ತುವ ಮುಂಚೆ ನಿಲ್ಲುವ ಜಾಗ, ಒತ್ತಿದ ಮೇಲೆ ಬರೆಯುವ ನಾಲ್ಕು ಸಾಲು. ನನ್ನ ಪ್ರಕಾರ ವೃತ್ತಿ ಇರುವುದು ಇವೆರಡರಲ್ಲಿ.

ಡೈರಿಯಲ್ಲಿ ಏನಿರುತ್ತದೆ

ದಸರಾ ವರ್ಷಕ್ಕೊಮ್ಮೆ. ಉಳಿದ ದಿನ ಬೆಳಿಗ್ಗೆ ಮೊಬೈಲಿಗೆ ‘ಡೈರಿ’ ಬರುತ್ತದೆ. ಡೈರಿ ಎಂದರೆ ಅಂದಿನ ಕಾರ್ಯಕ್ರಮಗಳ ಪಟ್ಟಿ. ಹತ್ತಕ್ಕೆ ಪತ್ರಕರ್ತರ ಭವನದಲ್ಲಿ ಸುದ್ದಿಗೋಷ್ಠಿ, ಹತ್ತೂವರೆಗೆ ಜಿಲ್ಲಾಧಿಕಾರಿ ಕಚೇರಿ ಎದುರು ಪ್ರತಿಭಟನೆ, ಹನ್ನೊಂದಕ್ಕೆ ಕಲಾಮಂದಿರದಲ್ಲಿ ಉದ್ಘಾಟನೆ, ಸಂಜೆ ಸಂಗೀತ ಕಛೇರಿ. ನಾಲ್ಕೂ ನಾಲ್ಕು ದಿಕ್ಕಿನಲ್ಲಿ. ನಡುವೆ ರಸ್ತೆ ಅಪಘಾತದ ಫೋನ್ ಬಂದರೆ ಡೈರಿ ಅಲ್ಲಿಗೇ ಮುಗಿಯಿತು. ಬೈಕಿನ ಪೆಟ್ರೋಲ್ ಟ್ಯಾಂಕ್ ಮೇಲೆ ಬ್ಯಾಗು, ಬ್ಯಾಗಿನಲ್ಲಿ ಎರಡು ಕ್ಯಾಮೆರಾ ಬಾಡಿ, ಒಂದು ಅಗಲ ಲೆನ್ಸು, ದೂರದ್ದನ್ನು ಹತ್ತಿರ ತರುವ ಒಂದೂವರೆ ಕೆ.ಜಿ.ಯ 70–200 ಲೆನ್ಸು, ಒಂದು ಮಳೆಗವಚ. ಈ ಭಾರಕ್ಕೆ ನಮ್ಮವರಲ್ಲಿ ಹಲವರ ಬಲಭುಜ ನಲವತ್ತಕ್ಕೇ ನೋಯಲು ಶುರುವಾಗುತ್ತದೆ.

ಹೊರಗಿನವರು ಗಮನಿಸದ ಒಂದು ಸಂಗತಿಯನ್ನು ಪ್ರತಿಭಟನೆಯ ಚಿತ್ರದಿಂದ ಹೇಳಬಹುದು. ರಸ್ತೆಯಲ್ಲಿ ನಲವತ್ತು ಜನ ಸಾಲಾಗಿ ಕೂತಿದ್ದಾರೆ ಎಂದಿಟ್ಟುಕೊಳ್ಳಿ. ದೂರ ನಿಂತು ಉದ್ದ ಲೆನ್ಸಿನಲ್ಲಿ ತೆಗೆದರೆ ಹಿಂದಿನ ಮುಖಗಳು ಮುಂದಿನ ಮುಖಗಳಿಗೆ ಅಂಟಿಕೊಂಡು ಚೌಕಟ್ಟು ಭರ್ತಿಯಾಗುತ್ತದೆ, ನಲವತ್ತು ನಾನೂರರಂತೆ ಕಾಣುತ್ತದೆ. ಅದೇ ಗುಂಪನ್ನು ಕಟ್ಟಡದ ಮೇಲಿಂದ ಅಗಲ ಲೆನ್ಸಿನಲ್ಲಿ ತೆಗೆದರೆ ಸುತ್ತಲಿನ ಖಾಲಿ ರಸ್ತೆ ದೊಡ್ಡದಾಗಿ, ಹೋರಾಟವೇ ಸೊರಗಿದಂತೆ ಕಾಣುತ್ತದೆ. ಎರಡರಲ್ಲೂ ಸುಳ್ಳು ಸೇರಿಸಿಲ್ಲ, ಆದರೂ ಓದುಗನಿಗೆ ಎರಡು ಬೇರೆ ಸುದ್ದಿ ಮುಟ್ಟುತ್ತದೆ. ಫೋಟೊಶಾಪ್ ಬರುವುದಕ್ಕೂ ಮುಂಚೆ ಛಾಯಾಗ್ರಾಹಕನ ಪ್ರಾಮಾಣಿಕತೆ ಪರೀಕ್ಷೆಗೆ ಒಳಗಾಗುತ್ತಿದ್ದದ್ದು ಇಲ್ಲೇ, ಕಾಲಿಡುವ ಜಾಗದಲ್ಲಿ. ನಾನು ಎರಡು ಬಗೆಯವನ್ನೂ ತೆಗೆದು ಡೆಸ್ಕಿಗೆ, ಅಂದರೆ ಕಚೇರಿಯಲ್ಲಿ ಪುಟ ಕಟ್ಟುವವರಿಗೆ, ಕಳಿಸುತ್ತೇನೆ, ಎಷ್ಟು ಜನ ಇದ್ದರೆಂದು ಎಣಿಸಿ ಅಡಿಬರಹದಲ್ಲಿ ಬರೆಯುತ್ತೇನೆ.

ಇನ್ನು ದೀಪ ಬೆಳಗುವ ಫೋಟೊ. ಕರ್ನಾಟಕದ ಪತ್ರಿಕಾ ಛಾಯಾಗ್ರಾಹಕ ತನ್ನ ಬಾಳಿನಲ್ಲಿ ಅತಿ ಹೆಚ್ಚು ತೆಗೆಯುವ ಚಿತ್ರ ಇದೇ ಇರಬೇಕು. ಏಳೆಂಟು ಜನ ದೀಪದ ಕಂಬದ ಸುತ್ತ ಒತ್ತರಿಸಿ ನಿಂತು ಕ್ಯಾಮೆರಾ ನೋಡುತ್ತಾರೆ. ಅದನ್ನು ತೆಗೆದುಕೊಂಡು ಇನ್ನೊಂದು ಗಳಿಗೆ ಅಲ್ಲೇ ನಿಲ್ಲಿ ಎಂದು ಹೊಸ ಹುಡುಗರಿಗೆ ನಾನು ಹೇಳುತ್ತೇನೆ. ಸಭಾಂಗಣದ ಫ್ಯಾನಿನ ಗಾಳಿಗೆ ಬತ್ತಿ ಆರಲು ನೋಡುತ್ತದೆ. ಗಣ್ಯರು ಕುರ್ಚಿಯ ಕಡೆ ತಿರುಗಿದ ಮೇಲೆ ಯಾರೋ ಒಬ್ಬರು, ಸಾಮಾನ್ಯವಾಗಿ ಪ್ರಾರ್ಥನೆ ಹಾಡಿದ ಹುಡುಗಿಯೋ ಸಂಘದ ಹಿರಿಯ ಸದಸ್ಯರೋ, ಬಗ್ಗಿ ಅಂಗೈ ಮರೆ ಮಾಡಿ ದೀಪ ಉಳಿಸುತ್ತಾರೆ. ಬೆಳಕೆಲ್ಲ ಅಂಗೈಗೆ, ಅಲ್ಲಿಂದ ಮುಖಕ್ಕೆ. ಕಾರ್ಯಕ್ರಮದ ನಿಜವಾದ ಫೋಟೊ ಅದು.

ಅದೇ ಸಭಾಂಗಣದಲ್ಲಿ ಇನ್ನೊಂದು ತೊಡಕಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸುತ್ತು ಹರಿಯುವುದರಿಂದ ಅಗ್ಗದ ಎಲ್‌ಇಡಿ ದೀಪಗಳು ಸುತ್ತಿಗೆ ಎರಡರಂತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಭಾಷಣಕಾರರ ಕೈಚಲನೆ ಹಿಡಿಯಲೆಂದು ಶಟರ್ ವೇಗವನ್ನು 1/500 ಸೆಕೆಂಡಿಗೆ ಏರಿಸಿದರೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಮಬ್ಬು, ಅದರ ಮುಂದಿನದರಲ್ಲಿ ಅಡ್ಡಪಟ್ಟಿ. 1/100ಕ್ಕೆ ಇಳಿಸಿದರೆ ದೀಪದ ಒಂದು ಪೂರ್ತಿ ಮಿನುಗು ಒಳಗೆ ಬಂದು ಬೆಳಕು ಸಮನಾಗುತ್ತದೆ, ಆದರೆ ಬೀಸಿದ ಕೈ ಅಲುಗಿ ಮಸುಕಾಗುತ್ತದೆ. ಹಾಗಾಗಿ ಮಾತಿನ ಲಯ ಕೇಳಿಸಿಕೊಳ್ಳಬೇಕು. ಯಾವ ಭಾಷಣಕಾರನ ಕೈಯೂ ಒಂದು ವಾಕ್ಯದ ಕೊನೆಗೆ ಕ್ಷಣ ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ. ಅಲ್ಲಿ ಒತ್ತಬೇಕು. ಹೊಸ ಕ್ಯಾಮೆರಾಗಳಲ್ಲಿ ಮಿನುಗು ತಡೆಯುವ ಸೌಲಭ್ಯ ಬಂದಿದೆ, ಆದರೂ ಕೇಳಿಸಿಕೊಂಡು ಒತ್ತುವ ಅಭ್ಯಾಸ ಬಿಡಬಾರದು.

ಕಾಗದಕ್ಕಾಗಿ ತೆಗೆಯುವುದು

ಮೊಬೈಲ್ ಪರದೆಯಲ್ಲಿ ಹೊಳೆಯುವ ಚಿತ್ರ ಪತ್ರಿಕೆಯಲ್ಲಿ ಕೆಸರಿನಂತೆ ಬರುವುದನ್ನು ನೀವೂ ಕಂಡಿರಬಹುದು. ಅದಕ್ಕೆ ಕಾರಣ ಅಚ್ಚಿನ ಕ್ರಮ. ಮುದ್ರಣ ಯಂತ್ರಕ್ಕೆ ಬೂದು ಬಣ್ಣ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಶಾಯಿ ಹಾಕು, ಹಾಕಬೇಡ ಎಂಬುದಷ್ಟೇ. ಚಿತ್ರವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತಾರೆ, ಕಡು ಜಾಗದಲ್ಲಿ ದೊಡ್ಡ ಚುಕ್ಕೆ, ತಿಳಿ ಜಾಗದಲ್ಲಿ ಚಿಕ್ಕ ಚುಕ್ಕೆ. ದೂರದಿಂದ ನೋಡಿದಾಗ ಕಣ್ಣು ಅವನ್ನು ಬೆರೆಸಿ ಬೂದು ಮಾಡಿಕೊಳ್ಳುತ್ತದೆ. ಹಾಫ್‌ಟೋನ್ ಎಂಬ ಈ ತಂತ್ರದಿಂದ 1880ರ ಮಾರ್ಚ್ 4ರಂದು ನ್ಯೂಯಾರ್ಕ್‌ನ ಡೈಲಿ ಗ್ರಾಫಿಕ್ ಪತ್ರಿಕೆ ಗುಡಿಸಲು ಬಡಾವಣೆಯೊಂದರ ಫೋಟೊ ಅಚ್ಚು ಮಾಡಿತು. ಅಲ್ಲಿಯವರೆಗೆ ಪತ್ರಿಕೆಗಳಲ್ಲಿ ಹೆಚ್ಚಾಗಿ ಬರುತ್ತಿದ್ದದ್ದು ಫೋಟೊ ನೋಡಿಕೊಂಡು ಮರದ ಮೇಲೆ ಕೆತ್ತಿದ ರೇಖಾಚಿತ್ರ.

ಮ್ಯಾಗಜೀನಿನ ನುಣುಪು ಕಾಗದದಲ್ಲಿ ಇಂಚಿಗೆ 150 ಸಾಲು ಚುಕ್ಕೆ ಹಿಡಿಸಿದರೆ, ಪತ್ರಿಕೆಯ ಕಾಗದದಲ್ಲಿ ಸಾಮಾನ್ಯವಾಗಿ 85ರಿಂದ 100. ಮೇಲಾಗಿ ಈ ಕಾಗದ ಒರಟು, ಬಿದ್ದ ಶಾಯಿಯನ್ನು ಹೀರಿ ಹರಡಿಸುತ್ತದೆ. ಪರದೆಯ ಮೇಲೆ ಶೇ 50ರಷ್ಟಿದ್ದ ಕಡುಪು ಕಾಗದಕ್ಕೆ ಬರುವಾಗ ಸುಮಾರು ಶೇ 75 ಆಗಿರುತ್ತದೆ. ನೆರಳಿನಲ್ಲಿರುವ ಮುಖದ ಗತಿ ಇದೇ: ಹುಬ್ಬು, ಕಣ್ಣು, ಮೀಸೆ ಒಂದಾಗಿಬಿಡುತ್ತವೆ. ನಮ್ಮ ಕಪ್ಪು ಮೈಬಣ್ಣದ ಜನ, ಮಧ್ಯಾಹ್ನದ ನೆತ್ತಿ ಬಿಸಿಲು, ತಲೆಗೆ ಟವೆಲ್ ಸುತ್ತಿದ ರೈತನ ಹಣೆಯ ಕೆಳಗಿನ ಗಾಢ ನೆರಳು. ಇದನ್ನು ಅರಿಯದೆ ತೆಗೆದವರ ಚಿತ್ರದಲ್ಲಿ ಟವೆಲ್ ಮಾತ್ರ ಅಚ್ಚಾಗುತ್ತದೆ, ರೈತ ಆಗುವುದಿಲ್ಲ. ಆದ್ದರಿಂದ ಹಗಲಿನಲ್ಲೂ ಮೆಲ್ಲನೆಯ ಫ್ಲ್ಯಾಶ್ ಹಾಕಿ ಮುಖ ತುಂಬುತ್ತೇವೆ, ಇಲ್ಲವೇ ಅವರನ್ನು ನಾಲ್ಕು ಹೆಜ್ಜೆ ಹೊಂಗೆ ಮರದ ಅಂಚಿಗೆ ಕರೆಯುತ್ತೇವೆ. ಮುಖ ಎರಡು ಕಾಲಂ ಅಗಲದಲ್ಲಿ ಅಚ್ಚಾದಾಗಲೂ ಗುರುತು ಸಿಗಬೇಕು ಎಂಬುದು ಪತ್ರಿಕೆಯವನ ಮೊದಲ ಲೆಕ್ಕ, ಸೌಂದರ್ಯ ಆಮೇಲಿನದು.

ನಾನು 1998ರಲ್ಲಿ ಕೆಲಸ ಕಲಿಯಲು ಸೇರಿದಾಗ ಇನ್ನೂ ಫಿಲ್ಮ್ ಇತ್ತು. ಒಂದು ರೋಲಿನಲ್ಲಿ 36 ಚಿತ್ರ. 30 ಮುಗಿದಾಗಲೇ ಎದೆ ಹೊಡೆದುಕೊಳ್ಳಲು ಶುರು, ಮುಖ್ಯವಾದದ್ದು ನಡೆಯುವಾಗ ರೋಲ್ ಬದಲಿಸುವ ಹಾಗಾದರೆ ಎಂದು. ಕತ್ತಲಕೋಣೆಯಲ್ಲಿ ಡೆವಲಪರ್, ಹೈಪೊ ಎಂಬ ರಾಸಾಯನಿಕಗಳು, ಆಮೇಲೆ ನೀರು; ಒಣಗಲು ಪುರುಸೊತ್ತಿಲ್ಲದೆ ಒದ್ದೆ ನೆಗೆಟಿವ್‌ನಿಂದಲೇ ಪ್ರಿಂಟ್ ಹಾಕಿದ ರಾತ್ರಿಗಳಿವೆ. ಜಿಲ್ಲೆಗಳಿಂದ ಫೋಟೊ ಬೆಂಗಳೂರಿಗೆ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಕಂಡಕ್ಟರ್ ಕೈಗೆ ಕವರ್ ಕೊಟ್ಟು, ಬಸ್ಸಿನ ನಂಬರನ್ನು ಆಫೀಸಿಗೆ ಫೋನಿನಲ್ಲಿ ಹೇಳಿದರೆ ಮೆಜೆಸ್ಟಿಕ್‌ನಲ್ಲಿ ಅಲ್ಲಿನವರು ಇಳಿಸಿಕೊಳ್ಳುತ್ತಿದ್ದರು. ಬಸ್ಸು ಕೆಟ್ಟು ನಿಂತರೆ ಅಂದಿನ ಚಿತ್ರ ನಾಳಿದ್ದಿಗೆ. ನನಗಿಂತ ಹಿರಿಯರು ಸತುವಿನ ತಗಡಿನ ಮೇಲೆ ಫೋಟೊ ಕೊರೆಸುವ ‘ಬ್ಲಾಕ್’ ಕಾಲ ಕಂಡವರು. ಒಂದು ಬ್ಲಾಕ್ ಮಾಡಿಸುವುದೇ ಖರ್ಚಿನ ಬಾಬತ್ತಾದ್ದರಿಂದ ಎಷ್ಟೋ ಪತ್ರಿಕೆಗಳು ಮಂತ್ರಿಗಳ ಮುಖದ ಬ್ಲಾಕನ್ನು ಕಾದಿಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತಿದ್ದವು.

ಆ ಕಾಲದಲ್ಲಿ ನಮ್ಮ ಊರಿನಿಂದಲೇ ಟಿ.ಎಸ್. ಸತ್ಯನ್ ಎದ್ದು ಬಂದರು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, 1948ರಲ್ಲಿ ಶುರುವಾದ ಡೆಕ್ಕನ್ ಹೆರಾಲ್ಡ್‌ನಲ್ಲಿ ಛಾಯಾಗ್ರಾಹಕರಾಗಿ ವೃತ್ತಿ ಆರಂಭಿಸಿದವರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನು, ಯುನಿಸೆಫ್‌ಗಾಗಿ ಮಕ್ಕಳನ್ನು ಚಿತ್ರಿಸಿದರು, 1977ರಲ್ಲಿ ಪದ್ಮಶ್ರೀ ಬಂತು. ಅವರ ಚಿತ್ರಗಳಲ್ಲಿ ಗಣ್ಯರಿಗಿಂತ ಹೆಚ್ಚಾಗಿ ಕಾಣುವುದು ಬೀದಿಯ ಮಕ್ಕಳು, ದುಡಿಯುವ ಹೆಂಗಸರು, ಮುದುಕರು. ಗುಂಪಿನ ಜನ ಯಾರೂ ಅವರ ಕಡೆ ನೋಡುತ್ತಿರುವುದಿಲ್ಲ. ಅಷ್ಟು ಹೊತ್ತು ಅಲ್ಲಿ ನಿಂತಿದ್ದಾರೆ ಎಂದು ನಮ್ಮಂಥವರಿಗೆ ತಕ್ಷಣ ಅರ್ಥವಾಗುತ್ತದೆ. ಕ್ಯಾಮೆರಾ ಕಂಡ ಜನ ಮೊದಲು ನಗುತ್ತಾರೆ, ಆಮೇಲೆ ಬೇಸರಪಡುತ್ತಾರೆ, ಕೊನೆಗೆ ಮರೆಯುತ್ತಾರೆ. ಚಿತ್ರ ಸಿಗುವುದು ಮರೆತ ಮೇಲೆ.

ಹೆಸರು ತಪ್ಪಿದ ದಿನ

ಗುಂಡಿ ಒತ್ತಿದ ನಂತರದ ಕೆಲಸಕ್ಕೆ ಬರುತ್ತೇನೆ. ಫೈಲಿನ ಒಳಗೇ ಅಡಿಬರಹ ಬರೆಯುವ ಜಾಗಗಳಿವೆ: ಯಾರು, ಎಲ್ಲಿ, ಯಾವಾಗ, ತೆಗೆದವರು ಯಾರು. ಬರೆದದ್ದು ಚಿತ್ರದ ಜೊತೆಗೇ ಪ್ರಯಾಣ ಮಾಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರವೂ ಕುಗ್ಗುತ್ತದೆ, ಈ ಬರಹವೂ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಡೆಸ್ಕಿನವರು ಗೋಗರೆಯುವುದು ಅದಕ್ಕೇ.

ಕೆಲಸಕ್ಕೆ ಸೇರಿದ ಮೂರನೆಯ ವರ್ಷ ನಿವೃತ್ತ ಶಿಕ್ಷಕರಿಬ್ಬರ ಸನ್ಮಾನದ ಚಿತ್ರ ತೆಗೆದೆ. ‘ಎಡದಿಂದ ಬಲಕ್ಕೆ’ ಎಂದು ಬರೆದು ಹೆಸರುಗಳನ್ನು ಅದಲುಬದಲು ಮಾಡಿದೆ. ಮರುದಿನ ಒಬ್ಬರ ಮಗಳು ಕಚೇರಿಗೆ ಫೋನ್ ಮಾಡಿದರು. ಸಿಟ್ಟಿರಲಿಲ್ಲ. ‘ನಮ್ಮ ಅಪ್ಪನ ಫೋಟೊ ಪೇಪರಲ್ಲಿ ಬಂದಿರೋದು ಇದೊಂದೇ ಸಲ ಸಾರ್, ಕೆಳಗೆ ಬೇರೆಯವರ ಹೆಸರಿದೆ. ಕತ್ತರಿಸಿ ಇಟ್ಕೊಳೋದು ಹೇಗೆ?’ ಎಂದರು. ತಿದ್ದುಪಡಿ ಹಾಕಿದೆವು, ಆದರೆ ತಿದ್ದುಪಡಿಯಲ್ಲಿ ಫೋಟೊ ಇರಲಿಲ್ಲ. ಅಂದಿನಿಂದ ಚಿತ್ರ ತೆಗೆದ ಕೂಡಲೇ ಒಬ್ಬೊಬ್ಬರ ಬಳಿ ಹೋಗಿ ಹೆಸರು, ಇನಿಷಿಯಲ್ ಕೇಳಿ, ಅವರೆದುರೇ ಬರೆದು ತೋರಿಸುತ್ತೇನೆ. ಈಗ ಫೋನಿನಲ್ಲಿ ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳುವುದೂ ಉಂಟು. ನಾವು ದಿನಕ್ಕೆ ಮುನ್ನೂರು ಸಲ ಒತ್ತುತ್ತೇವೆ, ಅವರಿಗೆ ಅದು ಬಾಳಿನಲ್ಲಿ ಒಂದೇ ಸಲ.

ಗಡುವಿನ ಮಾತು ಚಿಕ್ಕದು. ದೂರದ ಜಿಲ್ಲೆಗಳ ಆವೃತ್ತಿ ಮೊದಲು ಅಚ್ಚಿಗೆ ಹೋಗುತ್ತದೆ, ನಗರದ ಆವೃತ್ತಿ ನಡುರಾತ್ರಿಯ ಆಸುಪಾಸಿಗೆ. ವಿಜಯದಶಮಿಯ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತು ಮುಗಿಯುವಷ್ಟರಲ್ಲಿ ಮೊದಲಿನ ಆವೃತ್ತಿಗಳು ಹೋಗಿಯೇ ಬಿಟ್ಟಿರುತ್ತವೆ. ಮೊದಲೆಲ್ಲ ರಾತ್ರಿ ಒಂದೇ ಗಡುವು ಎಂಬ ನೆಮ್ಮದಿಯಾದರೂ ಇತ್ತು. ಈಗ ಜಾಲತಾಣಕ್ಕೆ ತಕ್ಷಣ ಒಂದು ಚಿತ್ರ, ಮೊಬೈಲಿಗೆ ನಿಂತ ಅಳತೆಯ ವಿಡಿಯೊ, ಆಮೇಲೆ ಅಚ್ಚಿಗೆ ಒಳ್ಳೆಯದು. ಕ್ಯಾಮೆರಾದಿಂದ ಫೋನಿಗೆ, ಫೋನಿನಿಂದ ಕಚೇರಿಗೆ ಐದು ನಿಮಿಷದಲ್ಲಿ ಹೋಗುತ್ತದೆ, ನಿಜ. ಆ ಐದು ನಿಮಿಷ ತಲೆ ಬಗ್ಗಿಸಿ ಪರದೆ ನೋಡುವಾಗ ಮುಂದೆ ನಡೆದದ್ದು ತಪ್ಪಿಹೋಗುತ್ತದೆ. ಅರ್ಧ ಪುಟದ ಜಾಹೀರಾತು ಕೊನೆ ಗಳಿಗೆಯಲ್ಲಿ ಬಂದರೆ ನಾಲ್ಕು ಕಾಲಂ ಚಿತ್ರ ಎರಡು ಕಾಲಮ್ಮಿಗೆ ಇಳಿಯುತ್ತದೆ. ಅಡ್ಡ ಚಿತ್ರಕ್ಕೆ ಜಾಗವಿಲ್ಲ, ಉದ್ದದ್ದು ಇದೆಯೇ ಎನ್ನುತ್ತಾರೆ. ಅದಕ್ಕೇ ಮುಖ್ಯವಾದದ್ದನ್ನು ಎರಡೂ ಆಕಾರದಲ್ಲಿ ತೆಗೆದಿಟ್ಟುಕೊಳ್ಳುವುದು.

ಡೈರಿಯಲ್ಲಿ ಇಲ್ಲದ ಕೆಲಸವೂ ಉಂಟು. ಕೆಆರ್‌ಎಸ್ ಜಲಾಶಯ ತುಂಬಿ 124.80 ಅಡಿಗೆ ಮುಟ್ಟಿದರೆ ಆ ಚಿತ್ರ ಬೇಕೇ ಬೇಕು, ಮುಟ್ಟದಿದ್ದರೆ ಬಿರಿದ ತಳದ ಚಿತ್ರ ಬೇಕು. ಮಂಡ್ಯದ ಬಯಲಿಗೆ ಈ ಒಂದು ಫೋಟೊದಲ್ಲಿ ವರ್ಷದ ಬದುಕಿದೆ, ಬೆಂಗಳೂರಿಗೆ ಕುಡಿಯುವ ನೀರಿದೆ. ಅಣೆಕಟ್ಟೆಯ ಮೇಲಿನ ಅಳತೆಪಟ್ಟಿ ಓದಲು ಬರುವಂತೆ ತೆಗೆಯಬೇಕು, ಬರೀ ನೀರು ತೋರಿಸಿದರೆ ಅದು ಪ್ರವಾಸಿಯ ಫೋಟೊ.

ತೆಗೆಯಬೇಕೇ, ಬೇಡವೇ

2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದವು. ಮಕ್ಕಂದೂರು, ಜೋಡುಪಾಲದ ಕಡೆ ರಸ್ತೆಗಳೇ ಇರಲಿಲ್ಲ. ಮಡಿಕೇರಿಯ ಒಂದು ಪರಿಹಾರ ಕೇಂದ್ರಕ್ಕೆ ಹೋದೆ. ನೂರಾರು ಜನ ನೆಲದ ಮೇಲೆ. ಒಳಗೆ ಹೋಗುವಾಗ ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು. ಇಂಥ ಕಡೆ ಮೊದಲು ನಮ್ಮ ಮುಖ ಅವರಿಗೆ ಕಾಣಬೇಕು, ಆಮೇಲೆ ಲೆನ್ಸು. ಕಿಟಕಿ ಪಕ್ಕ ಒಬ್ಬ ತಾಯಿ ಮಗಳ ಅಂಕಪಟ್ಟಿಗಳನ್ನು ಬೆಂಚಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ತಟ್ಟೆ ಲೋಟ ಇಟ್ಟು ಒಣಗಿಸುತ್ತಿದ್ದರು. ಕೆಸರಿನ ಅಂಚು, ಹರಡಿದ ಮಸಿ. ಮನೆಯಿಂದ ಉಳಿದದ್ದು ಅದೊಂದು ಪ್ಲಾಸ್ಟಿಕ್ ಕವರ್. ತೆಗೆಯಬಹುದಾ ಎಂದು ಕೇಳಿದೆ. ‘ನನ್ನ ಮುಖ ಬೇಡ, ಇವನ್ನು ತೆಗೀರಿ. ಹೊಸದು ಕೊಡ್ತಾರಾ ಕೇಳಿ’ ಎಂದರು. ಮಗುವಿನ ಹೆಸರು, ನೋಂದಣಿ ಸಂಖ್ಯೆ ಓದಲು ಬಾರದಂತೆ ಓರೆಯಾಗಿ ನಿಂತು ಅವರ ಕೈಯನ್ನೂ ಕಾಗದಗಳನ್ನೂ ತೆಗೆದೆ. ಅಡಿಬರಹಕ್ಕೆ ಅವರ ಪ್ರಶ್ನೆಯನ್ನು ಸೇರಿಸಿದೆ.

ಮಕ್ಕಳ ವಿಷಯದಲ್ಲಿ ಇದು ಬರೀ ಒಳ್ಳೆಯತನವಲ್ಲ, ಕಾನೂನೂ ಹೌದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಿಟ್ಟುಕೊಡುವ ಫೋಟೊವನ್ನು ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ತಡೆಯುತ್ತದೆ, ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಕೂಡ ಹೀಗೆಯೇ. ಮುಖ ಮಸುಕು ಮಾಡಿದರೆ ಮುಗಿಯಿತು ಎಂದುಕೊಳ್ಳುವುದು ತಪ್ಪು. ಚಿಕ್ಕ ಊರಿನಲ್ಲಿ ಶಾಲೆಯ ಸಮವಸ್ತ್ರ, ಮನೆಯ ಬಾಗಿಲು, ಪಕ್ಕದಲ್ಲಿ ನಿಂತ ಅಜ್ಜಿ, ಇಷ್ಟು ಸಾಕು ಗುರುತು ಹಿಡಿಯಲು. ಸಾವಿನ ಮನೆಯ ಬಗ್ಗೆ ಅಂಥ ನೇರ ಕಾನೂನಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಆ ದಿನದ ಚಿತ್ರಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುದು ಗೇಟಿನ ಬಳಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಚಪ್ಪಲಿಗಳು. ಯಾರ ದೇಹವನ್ನೂ ತೋರಿಸದೆ ಎಷ್ಟು ಜನ, ಎಷ್ಟು ಇಕ್ಕಟ್ಟು ಎಂದು ಅವು ಹೇಳಿದವು.

ತಿದ್ದುವುದರ ಗೆರೆ ಸ್ಪಷ್ಟ. ಕ್ರಾಪ್ ಮಾಡಬಹುದು, ಅಚ್ಚಿಗೆ ಬೇಕಾದಷ್ಟು ತಿಳಿ ಮಾಡಬಹುದು. ಇಲ್ಲದ್ದನ್ನು ಸೇರಿಸುವಂತಿಲ್ಲ, ಇದ್ದದ್ದನ್ನು ಅಳಿಸುವಂತಿಲ್ಲ, ಅದು ವೇದಿಕೆಯ ಮೇಲಿನ ನೀರಿನ ಬಾಟಲಿಯೇ ಆಗಿರಲಿ. 2006ರಲ್ಲಿ ಬೈರೂತ್‌ನ ಬಾಂಬ್ ದಾಳಿಯ ಚಿತ್ರವೊಂದರಲ್ಲಿ ಹೊಗೆಯನ್ನು ನಕಲು ಮಾಡಿ ದಟ್ಟ ಮಾಡಿದ್ದು ಸಿಕ್ಕಿಬಿದ್ದಾಗ ರಾಯಿಟರ್ಸ್ ಸಂಸ್ಥೆ ಆ ಛಾಯಾಗ್ರಾಹಕನ 920 ಚಿತ್ರಗಳನ್ನೂ ಹಿಂದಕ್ಕೆ ಪಡೆಯಿತು. ಸುಳ್ಳಾಗಿದ್ದದ್ದು ಒಂದೆರಡು, ನಂಬಿಕೆ ಹೋದದ್ದು ಎಲ್ಲದರದ್ದೂ. ಎಐ ಕೈಗೆ ಬಂದಿರುವ ಈ ಹೊತ್ತಿನಲ್ಲಿ ಆ ಲೆಕ್ಕ ಇನ್ನೂ ಕಟುವಾಗಿದೆ. ಹಳೆಯ ಚಿತ್ರ ಬಳಸಿದರೆ ‘ಸಂಗ್ರಹ ಚಿತ್ರ’, ಬೇರೆ ಸಂದರ್ಭದ್ದಾದರೆ ‘ಸಾಂದರ್ಭಿಕ ಚಿತ್ರ’ ಎಂದು ನಮ್ಮ ಪತ್ರಿಕೆಗಳು ಹಾಕುವ ಆ ಎರಡು ಪದಗಳನ್ನು ಓದುಗರು ದಯವಿಟ್ಟು ಗಮನಿಸಬೇಕು. ಅವು ನಿಮಗೆ ಕೊಡುವ ಲೆಕ್ಕಪತ್ರ.

ಯಾರ ಚಿತ್ರ, ಯಾರ ದುಡ್ಡು

ಸಿಬ್ಬಂದಿ ಛಾಯಾಗ್ರಾಹಕರಿಗೆ ಸಂಬಳವಿದೆ. ತಾಲ್ಲೂಕುಗಳಲ್ಲಿರುವ ಬಹುಪಾಲು ಜನಕ್ಕೆ ಅಚ್ಚಾದ ಚಿತ್ರಕ್ಕೆ ಇಷ್ಟು ಎಂಬ ಲೆಕ್ಕ. ಕ್ಯಾಮೆರಾ ಅವರದು, ಪೆಟ್ರೋಲ್ ಅವರದು, ಪ್ರತಿಭಟನೆಯಲ್ಲಿ ಕಲ್ಲು ಬಿದ್ದು ಲೆನ್ಸ್ ಒಡೆದರೆ ನಷ್ಟವೂ ಅವರದು. ಬದುಕಿಗೆ ಮದುವೆ, ನಾಮಕರಣದ ಫೋಟೊಗ್ರಫಿ ಆಸರೆ. 1955ರ ಕೆಲಸನಿರತ ಪತ್ರಕರ್ತರ ಕಾಯ್ದೆ ಪತ್ರಕರ್ತರು ಯಾರು ಎಂದು ಹೇಳುವಾಗ ಸಂಪಾದಕ, ವರದಿಗಾರರ ಸಾಲಿನಲ್ಲೇ ಸುದ್ದಿ ಛಾಯಾಗ್ರಾಹಕನನ್ನೂ ಹೆಸರಿಸಿತ್ತು. ಆದರೆ 2013ರಲ್ಲಿ ಅಮೆರಿಕದ ಷಿಕಾಗೊ ಸನ್-ಟೈಮ್ಸ್ ತನ್ನ ಛಾಯಾಗ್ರಾಹಕರ ಇಡೀ ವಿಭಾಗವನ್ನೇ ಮನೆಗೆ ಕಳಿಸಿ ವರದಿಗಾರರಿಗೆ ಮೊಬೈಲಿನಲ್ಲಿ ತೆಗೆಯಲು ಹೇಳಿದ ಮೇಲೆ, ಆ ಯೋಚನೆ ಎಲ್ಲ ಕಡೆಗೂ ಹಬ್ಬಿತು. ವರದಿಗಾರ ಫೋಟೊ ತೆಗೆಯಬಲ್ಲ, ಅದರಲ್ಲಿ ಅನುಮಾನವಿಲ್ಲ. ಆದರೆ ಟಿಪ್ಪಣಿ ಬರೆದುಕೊಳ್ಳುತ್ತಿರುವವನ ಕಣ್ಣು ಪುಸ್ತಕದ ಮೇಲಿರುತ್ತದೆ, ಅಂಗೈ ಮರೆ ಮಾಡಿದ ದೀಪ ಅವನಿಗೆ ಕಾಣುವುದಿಲ್ಲ.

ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲದ ಒಂದು ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಪತ್ರಿಕೆಯ ನೌಕರಿಯಲ್ಲಿದ್ದಾಗ ಪತ್ರಿಕೆಗಾಗಿ ತೆಗೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಬೇರೆ ಕರಾರು ಇಲ್ಲದಿದ್ದರೆ ಉಳಿದ ಎಲ್ಲ ಬಳಕೆಯ ಹಕ್ಕು ತೆಗೆದವರದು. ಪುಸ್ತಕಕ್ಕೆ, ಪ್ರದರ್ಶನಕ್ಕೆ ಬೇಕೆಂದು ಯಾರಾದರೂ ಕೇಳಿದಾಗ ನೇಮಕಾತಿ ಪತ್ರವನ್ನು ಒಮ್ಮೆ ತೆಗೆದು ಓದಿ. ಫೋಟೊದ ಹಕ್ಕು ತೆಗೆದವರ ಬಾಳಿನುದ್ದಕ್ಕೂ, ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷವೂ ಇರುತ್ತದೆ, ಅಂದರೆ ನಮಗಿಂತ ಹೆಚ್ಚು ಬಾಳುತ್ತದೆ.

ಹಾಗಾಗಿ ಕೂಡಿಡುವುದೂ ಕೆಲಸದ ಒಂದು ಭಾಗ. ನನ್ನ ಹಳೆಯ ನೆಗೆಟಿವ್‌ಗಳಲ್ಲಿ ಅರ್ಧಕ್ಕೆ ಮಳೆಗಾಲದ ಬೂಷ್ಟು ಹಿಡಿದಿದೆ. ಡಿಜಿಟಲ್ ಆದ ಮೇಲಿನದನ್ನು ಎರಡೆರಡು ಹಾರ್ಡ್‌ಡಿಸ್ಕಿನಲ್ಲಿ, ಒಂದು ಮನೆಯಲ್ಲಿ, ಇನ್ನೊಂದು ತಂಗಿಯ ಮನೆಯಲ್ಲಿ ಇಟ್ಟಿದ್ದೇನೆ. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲು ಕುಸಿಯಿತು. ಕುಸಿದ ಇಟ್ಟಿಗೆಯ ರಾಶಿ ತೆಗೆದು ಕಳಿಸಿದೆ. ಡೆಸ್ಕಿನಿಂದ ಫೋನ್ ಬಂತು: ಮೊದಲು ಹೇಗಿತ್ತು, ಅದರ ಚಿತ್ರ ಬೇಕು, ಇನ್ನು ಇಪ್ಪತ್ತು ನಿಮಿಷ. ಆ ಬಾಗಿಲನ್ನು ನಾನೆಂದೂ ಅದಕ್ಕೆಂದೇ ತೆಗೆದಿರಲಿಲ್ಲ, ದಿನಾ ಅದರ ಕೆಳಗೇ ಹೋಗುತ್ತಿದ್ದೆ. ಹುಡುಕುವ ಜಾಗದಲ್ಲಿ ‘ಧನ್ವಂತರಿ ರಸ್ತೆ’ ಎಂದು ಟೈಪ್ ಮಾಡಿದೆ. ಕೆಲವು ವರ್ಷ ಹಿಂದೆ ತರಕಾರಿ ಬೆಲೆ ಏರಿಕೆಯ ಸುದ್ದಿಗೆ ತೆಗೆದು, ಪುಟದಲ್ಲಿ ಜಾಗ ಸಿಗದೆ ಉಳಿದ ಒಂದು ಚಿತ್ರ ಬಂತು. ಮುಂದೆ ಈರುಳ್ಳಿ ಆರಿಸುತ್ತಿರುವ ಹೆಂಗಸು, ಅವಳ ಹಿಂದೆ ಮೇಲಿನಿಂದ ಕೆಳಗಿನವರೆಗೆ ಇಡೀ ಹೆಬ್ಬಾಗಿಲು. ಅಂದು ಮಧ್ಯಾಹ್ನ ಬಿಸಿಲಿನಲ್ಲಿ ನಿಂತು ಫೈಲಿನೊಳಗೆ ನಾನೇ ಬರೆದಿದ್ದೆ: ‘ಮೈಸೂರಿನ ದೇವರಾಜ ಮಾರುಕಟ್ಟೆ, ಧನ್ವಂತರಿ ರಸ್ತೆ ಕಡೆಯ ಬಾಗಿಲ ಬಳಿ ಬುಧವಾರ ಈರುಳ್ಳಿ ಕೊಳ್ಳುತ್ತಿರುವ ಗ್ರಾಹಕರು.’ ‘ಸಂಗ್ರಹ ಚಿತ್ರ’ ಎಂದು ಸೇರಿಸಿ ಕಳಿಸಿದೆ.